ಮೂರನೆಯ ರಿಂಗ್

ಹಿಂದೆ ಯಾರೋ ಬರುತ್ತಿದ್ದರು.

ಡಡ್ಲಿ ಸ್ಟೇಷನ್ನಿನ ಮೆಟ್ಟಿಲಿಳಿದಾಗಿನಿಂದ ಡೆಲ್ಫೀನ್‌ಗೆ ಆ ಹೆಜ್ಜೆಯ ಸದ್ದು ಕೇಳುತ್ತಿತ್ತು. ಅವಳು ಬೇಗ ನಡೆದರೆ ಅದೂ ಬೇಗ, ಅವಳು ನಿಧಾನಿಸಿದರೆ ಅದೂ ನಿಧಾನ. ಸಂಜೆ ಐದು ಗಂಟೆಯಷ್ಟೇ. ಆದರೆ ಬಾಸ್ಟನ್ನಿನ ಫೆಬ್ರವರಿಯಲ್ಲಿ ಐದಕ್ಕೇ ಕತ್ತಲು, ಮತ್ತು ರಾಕ್ಸ್‌ಬರಿ ಬಡಾವಣೆಯಲ್ಲಿ ಉರಿಯುವ ಬೀದಿದೀಪಕ್ಕಿಂತ ಉರಿಯದವೇ ಜಾಸ್ತಿ. ಅವಳು ಮನೆ ಕೀಲಿಗಳನ್ನು ಬೆರಳ ಸಂದಿಗೆ ಸಿಕ್ಕಿಸಿಕೊಂಡು ಮುಷ್ಟಿ ಬಿಗಿಹಿಡಿದಳು. ಎಪ್ಪತ್ತರ ದಶಕದ ಕೊನೆಯ ಆ ಚಳಿಗಾಲದಲ್ಲಿ ಅಲ್ಲಿನ ಹೆಂಗಸರೆಲ್ಲ ಕಲಿತ ವಿದ್ಯೆ ಅದು. ಐದು ವಾರದಲ್ಲಿ ನಾಲ್ವರು ಹೆಣವಾಗಿದ್ದರು. ನಾಲ್ವರೂ ಕಪ್ಪು ಹೆಂಗಸರು, ನಾಲ್ವರೂ ಇದೇ ಬೀದಿಗಳವರು. ಕೊಂದವನು ಒಬ್ಬನೋ, ನಾಲ್ವರೋ, ಯಾರಿಗೂ ಗೊತ್ತಿರಲಿಲ್ಲ.

"ರೀ, ಸ್ವಲ್ಪ ನಿಲ್ರೀ!"

ಡೆಲ್ಫೀನ್ ನಿಲ್ಲಲಿಲ್ಲ, ಗಿರಕ್ಕನೆ ತಿರುಗಿದಳು. ತಿರುಗಿದ ರಭಸಕ್ಕೆ ಕೈಚೀಲವೂ ಬೀಸಿತು. ಅದರಲ್ಲಿ ಅಮ್ಮ ತರಹೇಳಿದ್ದ ಎರಡು ಡಬ್ಬಿ ಪೀಚ್ ಹಣ್ಣಿತ್ತು.

"ಅಯ್ಯಯ್ಯೋ, ನನ್ನ ಮೊಣಕೈ!"

ಎದುರಿಗೆ ನಿಂತಿದ್ದವಳು ಎತ್ತರದ ಹೆಂಗಸು. ತಲೆಗೆ ಕೆಂಪು ಉಣ್ಣೆಯ ಟೊಪ್ಪಿಗೆ, ಕೈಯಲ್ಲಿ ಡೆಲ್ಫೀನಳದೇ ಕಂದು ಬಣ್ಣದ ಒಂದು ಗ್ಲೌಸು.

"ಮೆಟ್ಟಿಲ ಮೇಲೆ ಬೀಳಿಸ್ಕೊಂಡ್ರಿ. ಕೊಡೋಣ ಅಂತ ಬಂದೆ. ತಪ್ಪಾಯ್ತು ತಾಯಿ."

"ಮೊದ್ಲೇ ಕೂಗೋದಲ್ವಾ?"

"ಕೂಗಿದ್ರೆ ನೀವು ಓಡ್ತಿದ್ರಿ. ನೀವು ಓಡಿದ್ರೆ ನಾನೂ ಓಡ್ಬೇಕು. ಇಬ್ರು ಕಪ್ಪು ಹೆಂಗಸ್ರು ಕತ್ತಲಲ್ಲಿ ಓಡಿದ್ರೆ ಪೊಲೀಸ್ನೋರು ನಮ್ಮನ್ನೇ ಹಿಡ್ಕೊಂಡ್ ಹೋಗ್ತಾರೆ. ಅದಿರ್ಲಿ, ಚೀಲದಲ್ಲೇನು, ಕಬ್ಬಿಣನಾ?"

"ಪೀಚ್ ಹಣ್ಣು."

ಆ ಹೆಂಗಸು ಮೊಣಕೈ ಉಜ್ಜಿಕೊಳ್ಳುತ್ತಲೇ ನಕ್ಕಳು. ಮುಂದಿನ ಎರಡು ಹಲ್ಲುಗಳ ನಡುವೆ ಸಣ್ಣ ಸಂದು. ಹಣೆಯ ಮೇಲೆ ಹುಬ್ಬಿನವರೆಗೂ ಇಳಿದ ಹಳೆಯ ಗಾಯದ ಗುರುತು. ಡೆಲ್ಫೀನ್ ನೋಡಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿದಳು. ನೋಡಿದ್ದು ತನಗೇ ತಿಳಿದೊಡನೆ ಅವಳಿಗೆ ಇನ್ನೊಂದು ಭಯವಾಯಿತು. ಅದು ಕೊಲೆಗಾರನ ಭಯಕ್ಕಿಂತ ಬಹಳ ಹಳೆಯದು.

ಗ್ಲೌಸು ಕಸಿದುಕೊಂಡು, ಥ್ಯಾಂಕ್ಸನ್ನೂ ಹೇಳದೆ ಮನೆಗೆ ಓಡಿದಳು.

ಮುಂದಿನ ಮಂಗಳವಾರ ಚರ್ಚಿನ ನೆಲಮಾಳಿಗೆಯಲ್ಲಿ ಅದೇ ಕೆಂಪು ಟೊಪ್ಪಿಗೆ ಕಂಡಿತು. ಬಡಾವಣೆಯ ಹೆಂಗಸರು ಸೇರಿ ಒಂದು ಪಟ್ಟಿ ಮಾಡುತ್ತಿದ್ದರು. ಕೆಲಸ ಮುಗಿಸಿ ಒಂಟಿಯಾಗಿ ಮನೆಗೆ ಹೋಗುವವರಿಗೆಲ್ಲ ಒಬ್ಬೊಬ್ಬ ಜೊತೆಗಾತಿ. ಮನೆ ಮುಟ್ಟಿದ ಕೂಡಲೇ ಜೊತೆಗಾತಿಗೆ ಫೋನ್ ಮಾಡಬೇಕು, ಎರಡು ರಿಂಗ್ ಆಗುತ್ತಲೇ ಇಟ್ಟುಬಿಡಬೇಕು. ಅತ್ತಲವರು ಎತ್ತಬಾರದು. ಎರಡು ರಿಂಗ್ ಅಂದರೆ ಮನೆಗೆ ಬಂದೆ, ಬದುಕಿದ್ದೇನೆ ಎಂದರ್ಥ.

"ಡೆಲ್ಫೀನ್ ಟ್ರೆಡ್ವೆಲ್‌ಗೆ ಕ್ಲಿಯೋತಾ ಮೇಜ್" ಎಂದು ಪಟ್ಟಿ ಓದುತ್ತಿದ್ದವರು ಹೇಳಿದರು.

"ಪೀಚ್ ಹಣ್ಣಿನೋರಾ?" ಎಂದು ಹಿಂದಿನ ಬೆಂಚಿನಿಂದ ದನಿ ಬಂತು. "ಆಗ್ಬಹುದು. ಆದ್ರೆ ದೂರದಿಂದ್ಲೇ ರಿಂಗ್ ಕೊಡ್ತೀನಿ."

ಎಲ್ಲರೂ ನಕ್ಕರು. ಡೆಲ್ಫೀನಳ ಕಿವಿ ಬಿಸಿಯಾಯಿತು.

ಕ್ಲಿಯೋತಾ ಸ್ಕೂಲ್ ಬಸ್ಸಿನ ಡ್ರೈವರು. ಕೋರ್ಟಿನ ಆದೇಶದಂತೆ ಕಪ್ಪು ಮಕ್ಕಳನ್ನು ಬಿಳಿಯರ ಕೇರಿಯ ಸ್ಕೂಲಿಗೆ ಕರೆದೊಯ್ಯುವ ಕೆಲಸ. ಮೊದಲ ವರ್ಷ ಆ ಕೇರಿಯವರು ಬಸ್ಸಿಗೆ ಕಲ್ಲು ಹೊಡೆದಿದ್ದರು. ಹಣೆಯ ಗಾಯ ಅದೇ. ಡೆಲ್ಫೀನ್ ಒಂದು ಆಸ್ಪತ್ರೆಯ ಆಫೀಸಿನಲ್ಲಿ ಟೈಪಿಸ್ಟು, ಭಾನುವಾರ ಚರ್ಚಿನಲ್ಲಿ ಹಾಡುವವಳು. ಮೂವತ್ತೊಂದು ದಾಟಿದರೂ ಮದುವೆಯ ಮಾತು ಬಂದಾಗಲೆಲ್ಲ ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದಳು.

ಅವತ್ತಿನಿಂದ ಸಂಜೆ ಐದೂವರೆಗೆ ಟ್ರೆಡ್ವೆಲ್ ಮನೆಯ ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಗುತ್ತಿತ್ತು. ತಾಯಿ ಅರ್ನೆಸ್ಟೀನ್ ಫೋನಿನ ಪಕ್ಕದ ಕುರ್ಚಿಯಲ್ಲಿ ಉಣ್ಣೆ ಹೆಣೆಯುತ್ತ, "ಹ್ಞಾಂ, ಬಂದ್ಳು ನಿನ್ನ ಜೊತೆಗಾತಿ" ಎನ್ನುತ್ತಿದ್ದಳು. ಎಪ್ಪತ್ತರ ಮುದುಕಿ. ಜಾರ್ಜಿಯಾದಿಂದ ಬಂದು ನಲವತ್ತು ವರ್ಷ ಬೇರೆಯವರ ಮನೆಯಲ್ಲಿ ಬೇಯಿಸಿ ಮಗಳನ್ನು ಓದಿಸಿದವಳು. ಅವಳ ಕಣ್ಣು ತಪ್ಪಿಸುವುದು ಕಷ್ಟ.

ಎರಡನೆಯ ವಾರ ಒಂದು ಸಂಜೆ ಮೂರು ರಿಂಗ್ ಬಂತು.

ಮಾರನೆಯ ದಿನ ಸ್ಟೇಷನ್ನಿನ ಮೆಟ್ಟಿಲ ಬಳಿ ಡೆಲ್ಫೀನ್ ಅವಳಿಗಾಗಿ ಕಾದು ನಿಂತಿದ್ದಳು. "ನೆನ್ನೆ ಮೂರು ಸಲ ಆಯ್ತು. ಏನೋ ಆಗೋಯ್ತು ಅಂತ ನನ್ನ ಜೀವಾನೇ ಬಾಯಿಗೆ ಬಂತು, ಗೊತ್ತಾ?"

"ಎರಡು ಪಟ್ಟಿಗೆ." ಕ್ಲಿಯೋತಾ ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತಳು. ತಮಾಷೆ ಮಾಡುವ ಬಾಯಿ ಈಗ ತಡವರಿಸುತ್ತಿತ್ತು. "ಮೂರನೇದು ನಂದು."

"ನಿಂದು ಅಂದ್ರೆ?"

"ಅಂದ್ರೆ, ಇನ್ನೊಂದು ಗಳಿಗೆ ನಿನ್ನ ಮನೇಲಿ ಇರೋಣ ಅಂತ."

ಮೇಲೆ ರೈಲು ಹೋಯಿತು. ಕಬ್ಬಿಣದ ಕಂಬಗಳೆಲ್ಲ ಗಡಗಡ ನಡುಗಿದವು. ಅದು ದಾಟಿ ಹೋಗುವವರೆಗೆ ಇಬ್ಬರೂ ಮಾತಾಡುವಂತಿರಲಿಲ್ಲ, ನೋಡಬಹುದಿತ್ತು ಅಷ್ಟೇ. ಡೆಲ್ಫೀನ್ ನೋಡಿದಳು. ಈ ಸಲ ಓಡಲಿಲ್ಲ.

"ಅಮ್ಮ ಎಣಿಸ್ತಾಳೆ," ಎಂದಳು ಕೊನೆಗೆ.

"ಎಣಿಸ್ಲಿ ಬಿಡು. ನಿನ್ನ ಎದೇನೂ ಎಣಿಸುತ್ತಾ, ಹೇಳು."

ಎಣಿಸುತ್ತಿತ್ತು. ಆದರೆ ಹೇಳುವ ಧೈರ್ಯ ಇರಲಿಲ್ಲ. ಅವತ್ತಿನಿಂದ ದಿನಾ ಮೂರು ರಿಂಗ್ ಬರತೊಡಗಿತು.

ಮಾರ್ಚ್ ಬಂತು. ಐದನೆಯವಳು ಸತ್ತಳು. ಡೆಲ್ಫೀನಳ ಪಕ್ಕದಲ್ಲೇ ನಿಂತು ಹಾಡುತ್ತಿದ್ದ ಹುಡುಗಿ. ಅವಳನ್ನು ಮಣ್ಣು ಮಾಡಿದ ದಿನ ದೊಡ್ಡ ಸಭೆ ನಡೆಯಿತು. ಮೈಕು ಹಿಡಿದವರೆಲ್ಲ ಗಂಡಸರು. ಇದು ಕಪ್ಪು ಜನರ ಮೇಲಿನ ದಾಳಿ, ನಮ್ಮ ಹೆಣ್ಣುಮಕ್ಕಳು ಒಳಗಿರಲಿ, ನಾವು ಕಾಯುತ್ತೇವೆ ಎಂದರು. ನದಿಯಾಚೆಯ ಬಿಳಿಯ ಮಹಿಳಾ ಸಂಘದವರು ಕಾಗದ ಕಳಿಸಿದ್ದರು. ಇದು ಹೆಣ್ಣಿನ ಮೇಲಿನ ದಾಳಿ, ಬಣ್ಣದ ಮಾತು ಯಾಕೆ ಎಂದು ಅದರಲ್ಲಿತ್ತು. ಪೊಲೀಸರಂತೂ, ಸತ್ತವರಲ್ಲಿ ಇಬ್ಬರು ಬೀದಿಯವರು, ಮೈ ಮಾರುವವರು, ಅಂಥವರಿಗೆ ಹೀಗಾಗದೆ ಇನ್ನೇನು ಎಂದಿದ್ದರು.

ಆ ಮಂಗಳವಾರ ನೆಲಮಾಳಿಗೆಯಲ್ಲಿ ಒಂಬತ್ತು ಜನ ಹೆಂಗಸರು ಕರಪತ್ರ ಬರೆಯಲು ಕೂತರು.

"ಒಬ್ರಿಗೆ ಬರೀ ಚರ್ಮ ಕಾಣುತ್ತೆ, ಇನ್ನೊಬ್ರಿಗೆ ಬರೀ ಲಂಗ ಕಾಣುತ್ತೆ," ಎಂದಳು ಕ್ಲಿಯೋತಾ. "ಹಾಗಾದ್ರೆ ಸತ್ತೋಳು ಯಾರು?"

ನರ್ಸ್ ಮಾವೀಸ್ ಎಲ್ಲರಿಗಿಂತ ಹಿರಿಯಳು. ಅವಳು ತಲೆಯಾಡಿಸಿದಳು. "ಎಲ್ಲಾನೂ ಒಟ್ಟಿಗೆ ಹೇಳೋಕ್ ಹೋದ್ರೆ ಯಾರೂ ಕೇಳಲ್ಲ ಕಣೇ. ಮೊದ್ಲು ಬಣ್ಣದ್ದು ಹೇಳೋಣ. ಜನ ಬರ್ಲಿ. ಮಿಕ್ಕಿದ್ದು ಆಮೇಲೆ."

"ಆಮೇಲೆ ಅನ್ನೋದು ಯಾವತ್ತು ಬರುತ್ತೆ ಅಕ್ಕ? ಆ ಕಲ್ಲು ಗಾಜೊಡ್ಕೊಂಡು ಬಂತಲ್ಲ, ನಾನು ಅದನ್ನ ಕೇಳ್ಲಿಲ್ಲ, ನೀನು ಕಪ್ಪು ಹಣೆಗೆ ಬಂದ್ಯಾ, ಹೆಣ್ಣಿನ ಹಣೆಗೆ ಬಂದ್ಯಾ ಅಂತ. ನನಗಿರೋದು ಒಂದೇ ಹಣೆ. ರಕ್ತಾನೂ ಒಂದೇ ಕಡೆಯಿಂದ ಬಂತು."

"ಹೀಗೇ ಒಂದೊಂದೇ ಸೇರಿಸ್ತಾ ಹೋದ್ರೆ ನಾಳೆ ಎಡಗೈಲಿ ಬರಿಯೋರ್ನೂ ಸೇರಿಸ್ಬೇಕಾಗುತ್ತೆ."

"ಎಡಗೈಲಿ ಬರೀತಾರೆ ಅಂತ ಯಾರನ್ನಾದ್ರೂ ಕೊಂದ ದಿನ ಸೇರಿಸೋಣ."

ಮುಂದೆ ಹತ್ತು ವರ್ಷಕ್ಕೆ ಕಾಲೇಜಿನವರು ಹಣೆ ಒಂದೇ ಎಂಬ ಈ ಮಾತಿಗೊಂದು ಉದ್ದದ ಹೆಸರಿಟ್ಟರು, ಅದರ ಮೇಲೆ ಪುಸ್ತಕ ಬರೆದರು, ಮಾವೀಸ್ ಆಡಿದ ಜಗಳವನ್ನೇ ದೊಡ್ಡ ದೊಡ್ಡ ಪದಗಳಲ್ಲಿ ಆಡಿದರು. ಆಡಲಿ, ಒಳ್ಳೆಯದೇ. ಆದರೆ ಆ ಸಂಜೆ ಅದಕ್ಕೆ ಹೆಸರಿರಲಿಲ್ಲ. ಒಂಬತ್ತು ಜನ ಇದ್ದರು, ಮನೆಗೆ ಹೋಗುವ ದಾರಿಯ ಹೆದರಿಕೆ ಇತ್ತು.

ಕೊನೆಗೆ ಕರಪತ್ರದ ನಡುವೆ ಮೂರು ಸಾಲು ನಿಂತವು. ನಮ್ಮಲ್ಲಿ ಬೀದಿಯಲ್ಲಿ ನಿಂತು ಹೊಟ್ಟೆ ಹೊರೆಯುವವರಿದ್ದಾರೆ. ನಮ್ಮಲ್ಲಿ ಹೆಣ್ಣನ್ನೇ ಪ್ರೀತಿಸುವವರಿದ್ದಾರೆ. ಯಾರು ಸತ್ತರೂ ಸತ್ತವಳು ನಮ್ಮವಳು.

"ಟೈಪ್ ಮಾಡೋದು ಡೆಲ್ಫೀನ್," ಎಂದು ತೀರ್ಮಾನವಾಯಿತು. ಕ್ಲಿಯೋತಾ ಕಾಗದ ಕೊಡುವಾಗ ಬಗ್ಗಿ, ಬೇರೆ ಯಾರಿಗೂ ಕೇಳದಂತೆ ಹೇಳಿದಳು: "ಎರಡನೇ ಸಾಲು ಸ್ವಲ್ಪ ಒತ್ತಿ ಹೊಡಿ."

ಡೆಲ್ಫೀನ್ ಸೈಕ್ಲೋಸ್ಟೈಲಿನ ಮೇಣದ ಹಾಳೆಯನ್ನು ಆಫೀಸಿನಲ್ಲಿ ಊಟದ ಹೊತ್ತಿಗೆ ಟೈಪ್ ಮಾಡಿದಳು. ಎರಡನೆಯ ಸಾಲು ಬಂದಾಗ ಬಾಗಿಲ ಕಡೆ ನೋಡಿದಳು. ಒತ್ತಿಯೇ ಹೊಡೆದಳು.

ಸೈಕ್ಲೋಸ್ಟೈಲ್ ಮಿಷನ್ನು ಇದ್ದದ್ದು ಬೋಲ್ಡನ್ ಪಾದ್ರಿಗಳ ಕೋಣೆಯಲ್ಲಿ. ಅವರು ಕೆಟ್ಟವರಲ್ಲ. ಸತ್ತ ಹುಡುಗಿಯ ಪೆಟ್ಟಿಗೆಗೆ ಹೆಗಲು ಕೊಟ್ಟವರು, ಆಮೇಲೆ ಒಂದು ವಾರ ಸರಿಯಾಗಿ ಊಟ ಮಾಡದವರು. ಕನ್ನಡಕ ಏರಿಸಿ ಹಾಳೆಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು.

"ಮಗಳೇ, ಹನ್ನೊಂದು ಚರ್ಚಿನವರ ಹತ್ರ ಮಾತಾಡಿದೀನಿ. ಈ ಭಾನುವಾರ ನಾಲ್ಕು ಸಾವಿರ ಕೈಗೆ ಇದು ಸೇರುತ್ತೆ. ಆದ್ರೆ ಈ ಎರಡು ಸಾಲು ಇದ್ರೆ ತಾಯಂದಿರು ಮಡಚಿ ಬೈಬಲ್ ಕೆಳಗೆ ಇಟ್ಬಿಡ್ತಾರೆ, ಮಕ್ಕಳಿಗೆ ತೋರ್ಸಲ್ಲ. ಒಂದು ಜೀವ ಉಳಿಯೋದಾದ್ರೆ ಎರಡು ಸಾಲು ಹೋಗ್ಬಾರ್ದಾ?"

"ಅದು ನಾನೊಬ್ಳೇ ತೀರ್ಮಾನ ಮಾಡೋದಲ್ಲ ಅಯ್ಯನವರೇ."

"ಹಾಳೆ ನಿನ್ನ ಕೈಲಿದೆ." ಅವರು ಅವಳ ಮುಖ ನೋಡಿದರು. "ಈ ಎರಡನೇ ಸಾಲು ಯಾಕೆ ಇಷ್ಟು ದಪ್ಪ ಬಿದ್ದಿದೆ?"

ಅವರು ಸುಮ್ಮನೆ ಕೇಳಿದ್ದೋ, ತಿಳಿದು ಕೇಳಿದ್ದೋ ಡೆಲ್ಫೀನಳಿಗೆ ಕೊನೆಗೂ ಗೊತ್ತಾಗಲಿಲ್ಲ. ಚೀಲದಿಂದ ತಪ್ಪು ಅಳಿಸುವ ಬಣ್ಣದ ಸಣ್ಣ ಸೀಸೆ ತೆಗೆದಳು. ಆ ಎರಡೂ ಸಾಲಿನ ಮೇಲೆ ಬ್ರಷ್ಷು ಎಳೆದಳು. ಕೆಲಸ ಅಚ್ಚುಕಟ್ಟಾಗಿಯೇ ಆಯಿತು. ನಾಲ್ಕೂವರೆ ಸಾವಿರ ಹಾಳೆಗಳ ನಟ್ಟನಡುವೆ ಎರಡು ಸಾಲಿನಷ್ಟು ಬಿಳಿ ಜಾಗ ಬಿತ್ತು.

ಭಾನುವಾರ ಪೂಜೆ ಮುಗಿದು ಜನ ಹೊರಬರುವಾಗ ಕ್ಲಿಯೋತಾ ಚರ್ಚಿನ ಮೆಟ್ಟಿಲ ಮೇಲೆ ನಿಂತಿದ್ದಳು, ಕೈಯಲ್ಲಿ ಕರಪತ್ರ. ಡೆಲ್ಫೀನಳ ಹಿಂದೆಯೇ ತಾಯಿಯೂ ಬರುತ್ತಿದ್ದಳು.

"ಇಲ್ಲಿ ಏನೋ ಇತ್ತಲ್ಲ," ಎಂದಳು ಕ್ಲಿಯೋತಾ, ಆ ಬಿಳಿ ಜಾಗದ ಮೇಲೆ ಬೆರಳಿಟ್ಟು.

"ಕ್ಲಿಯೋ, ಇಲ್ಲಿ ಬೇಡ. ನಾಲ್ಕು ಸಾವಿರ ಜನಕ್ಕೆ ಮುಟ್ಟಬೇಕಿತ್ತು."

"ಮುಟ್ಟಿತು. ನಾಲ್ಕು ಸಾವಿರದಲ್ಲಿ ಒಂದ್ರಲ್ಲೂ ನಾನಿಲ್ಲ." ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಬೇರೆಯೋರು ಅಳಿಸಿದ್ರೆ ಜಗಳ ಆಡ್ತಿದ್ದೆ. ನೀನೇ ಅಳಿಸಿದೀಯ. ನಾಳೆ ನಾನು ಸತ್ರೆ ಯಾವ ಸಾಲಲ್ಲಿ ಅಳ್ತೀಯ, ಡೆಲ್ಫೀನ್?"

ಡೆಲ್ಫೀನ್ ಬಾಯಿ ತೆರೆದಳು. ಸುತ್ತ ಹಾಡುಗಾರರು, ಪಕ್ಕದ ಮನೆಯವರು, ಅಮ್ಮ. ಬಾಯಿ ಮುಚ್ಚಿದಳು.

"ಪಟ್ಟಿ ಬಿಡಲ್ಲ ನಾನು. ಎರಡು ರಿಂಗ್ ಬರುತ್ತೆ," ಎಂದು ಕ್ಲಿಯೋತಾ ಟೊಪ್ಪಿಗೆ ಎಳೆದುಕೊಂಡು ಹೊರಟುಹೋದಳು.

ಸೋಮವಾರ ಎರಡು ರಿಂಗ್ ಬಂತು. ಮಂಗಳವಾರ, ಬುಧವಾರವೂ ಎರಡೇ. ಪ್ರತಿ ಸಂಜೆ ಎರಡನೆಯದರ ನಂತರ ಡೆಲ್ಫೀನ್ ಉಸಿರು ಹಿಡಿದು ನಿಲ್ಲುತ್ತಿದ್ದಳು. ಫೋನು ಕಲ್ಲಿನಂತೆ ಕೂತಿರುತ್ತಿತ್ತು.

ಗುರುವಾರ ಒಂದೂ ಬರಲಿಲ್ಲ.

ಅವತ್ತು ಮಧ್ಯಾಹ್ನವೇ ಆಫೀಸಿನ ರೇಡಿಯೋದಲ್ಲಿ ಸುದ್ದಿ ಬಂದಿತ್ತು. ರೈಲುದಾರಿಯ ಹತ್ತಿರ ಇನ್ನೊಬ್ಬ ಕಪ್ಪು ಹೆಂಗಸಿನ ಹೆಣ ಸಿಕ್ಕಿದೆ, ಹೆಸರು ತಿಳಿದಿಲ್ಲ. ಕ್ಲಿಯೋತಾ ದಿನಾ ಬೆಳಗಿನ ಕತ್ತಲಲ್ಲಿ ಬಸ್ ಡಿಪೋಗೆ ನಡೆದು ಹೋಗುವುದೂ, ಸಂಜೆ ಬರುವುದೂ ಆ ರೈಲುದಾರಿಯ ಪಕ್ಕದಲ್ಲೇ.

ಐದೂವರೆಯಾಯಿತು. ಐದೂ ಮುಕ್ಕಾಲಾಯಿತು. ಸಿಟ್ಟು ಹೆಚ್ಚಾಗಿ ಎರಡನ್ನೂ ನಿಲ್ಲಿಸಿದ್ದಾಳೆ, ಹಾಗೇ ಇರಲಿ ದೇವರೇ ಎಂದುಕೊಂಡಳು ಡೆಲ್ಫೀನ್. ಸಿಟ್ಟಿರಲಿ. ಜನ್ಮವಿಡೀ ಮಾತಾಡದಿರಲಿ. ಎಲ್ಲೋ ಒಂದು ಕಡೆ ಕೂತು ನನ್ನನ್ನು ಶಪಿಸುತ್ತಿರಲಿ. ಬದುಕಿದವಳ ಮೌನ ಮತ್ತು ಸತ್ತವಳ ಮೌನ ಫೋನಿನಲ್ಲಿ ಒಂದೇ ಥರ ಇರುತ್ತದೆ ಎಂಬುದು ಅವಳಿಗೆ ಆ ಹದಿನೈದು ನಿಮಿಷದಲ್ಲಿ ತಿಳಿಯಿತು. ತಾನೇ ಕ್ಲಿಯೋತಾಳ ರೂಮಿಗೆ ಫೋನ್ ಮಾಡಿದಳು. ಹನ್ನೆರಡು ಸಲ ಬಡಿಯಿತು. ಯಾರೂ ಎತ್ತಲಿಲ್ಲ.

ಅಮ್ಮನ ಹೆಣಿಗೆ ನಿಂತಿತ್ತು. ಅಮ್ಮ ನೋಡುತ್ತಿದ್ದಳು.

ಡೆಲ್ಫೀನ್ ಪೊಲೀಸರಿಗೆ ಫೋನ್ ಮಾಡಿದಳು.

"ಸತ್ತೋಳು ಯಾರು ಅಂತ ಗೊತ್ತಾಯ್ತಾ? ಕ್ಲಿಯೋತಾ ಮೇಜ್ ಅನ್ನೋರು ಇನ್ನೂ ಮನೆಗೆ ಬಂದಿಲ್ಲ."

"ನಿಮಗೇನಾಗ್ಬೇಕು?" ಗಂಡಸಿನ ದನಿ, ಬಾಯಲ್ಲಿ ಏನೋ ಜಗಿಯುತ್ತಿದ್ದ.

"ಸ್ನೇಹಿತೆ."

"ಮನೆಯೋರಿಗೆ ಮಾತ್ರ ಹೇಳೋದು. ಗಂಡ ಇದ್ರೆ ಮಾಡ್ಸಿ."

"ಗಂಡ ಇಲ್ಲ. ಇಲ್ಲಿ ಅವಳಿಗೆ ಯಾರೂ ಇಲ್ಲ."

"ಯಾರೂ ಇಲ್ಲ ಅಂದ್ರೆ ನೀವ್ಯಾರಮ್ಮ?"

ಗಡಿಯಾರದ ಸದ್ದು ಕೇಳುತ್ತಿತ್ತು. ಬೆನ್ನಿಗೆ ಅಮ್ಮನ ಕಣ್ಣು ತಾಗುತ್ತಿತ್ತು. ಹೇಳದಿದ್ದರೆ ಅವನು ಫೋನಿಡುತ್ತಾನೆ. ಹೇಳಿದರೆ ಈ ಮನೆಯಲ್ಲಿ ಮುಂದೇನಾಗುತ್ತದೋ ತಿಳಿಯದು. ಡೆಲ್ಫೀನ್ ಗೋಡೆಗೆ ಕೈಯಾನಿಸಿಕೊಂಡಳು.

"ನಾನು ಅವಳನ್ನ ಪ್ರೀತಿಸ್ತೀನಿ," ಎಂದಳು. "ಗಂಡ ಹೆಂಡ್ತೀನ ಪ್ರೀತಿಸ್ತಾನಲ್ಲ, ಹಾಗೆ. ಈಗ ಹೇಳಿ, ಅದು ಅವಳಾ?"

ಜಗಿಯುವುದು ನಿಂತಿತು. ಆಮೇಲೆ ಮೂಗಿನಲ್ಲಿ ಒಂದು ನಗು. "ನಮ್ಮ ಫಾರಮ್ಮಲ್ಲಿ ಅದಕ್ಕೆ ಜಾಗ ಇಲ್ಲಮ್ಮ."

ಹಿಂದಿನಿಂದ ಒಂದು ಸುಕ್ಕುಗಟ್ಟಿದ ಕೈ ಬಂದು ರಿಸೀವರ್ ಕಿತ್ತುಕೊಂಡಿತು.

"ಹಲೋ," ಎಂದಳು ಅರ್ನೆಸ್ಟೀನ್. "ನಾನು ಕ್ಲಿಯೋತಾ ಮೇಜ್‌ಳ ದೊಡ್ಡಮ್ಮ. ಹ್ಞೂಂ, ಸ್ವಂತ ದೊಡ್ಡಮ್ಮ. ಎಪ್ಪತ್ತು ವರ್ಷ ಆಗಿದೆ, ನನ್ನ ಜಾಸ್ತಿ ಕಾಯಿಸ್ಬೇಡಪ್ಪ. ನಮ್ಮ ಹುಡುಗಿ ಬಾಗಿಲಷ್ಟು ಎತ್ತರ, ಹಣೆ ಮೇಲೆ ಹುಬ್ಬಿನ ತನಕ ಗಾಯದ ಗುರುತು. ಸತ್ತೋಳಿಗೆ ಆ ಗುರುತು ಇದೆಯಾ, ಇಲ್ವಾ? ಅಷ್ಟು ಹೇಳು, ದೇವರು ನಿನ್ನ ತಾಯೀನ ಚೆನ್ನಾಗಿಟ್ಟಿರ್ಲಿ."

ಅಮ್ಮ ಆ ಗುರುತನ್ನು ಚರ್ಚಿನ ಮೆಟ್ಟಿಲ ಮೇಲೆ ಒಂದೇ ಸಲ ನೋಡಿದ್ದು.

ಅವಳು ಫೋನಿಟ್ಟಳು. "ಅವಳಲ್ಲ. ಹತ್ತೊಂಬತ್ತು ವರ್ಷದ ಹುಡುಗಿಯಂತೆ."

ಡೆಲ್ಫೀನ್ ನೆಲದ ಮೇಲೆ ಕುಸಿದು ಕೂತು ದೇವರಿಗೆ ಥ್ಯಾಂಕ್ಸ್ ಹೇಳಿದಳು, ಹತ್ತು ಸಲ ಹೇಳಿದಳು.

"ಹೇಳು. ಆದ್ರೆ ಮೆತ್ತಗೆ ಹೇಳು," ಎಂದಳು ಅಮ್ಮ. "ಇವತ್ತು ಯಾರದೋ ಮನೇಲಿ ಫೋನ್ ಬರಲ್ಲ." ಗೂಟದಿಂದ ಎರಡು ಕೋಟು ತೆಗೆದು ಒಂದನ್ನು ಮಗಳ ಮೇಲೆ ಎಸೆದಳು. "ಏಳು. ಸತ್ತಿಲ್ಲ ಅಂದ ಮಾತ್ರಕ್ಕೆ ಸುಖವಾಗಿದಾಳೆ ಅಂತಲ್ಲ. ಹುಡುಕೋಣ."

ತಾಯಿ ಮಗಳು ಬೀದಿಗಿಳಿದರು. ಇಬ್ಬರ ಮುಷ್ಟಿಯಲ್ಲೂ ಕೀಲಿಗಳು ಬೆರಳ ಸಂದಿಯಿಂದ ಇಣುಕುತ್ತಿದ್ದವು. ಮುದುಕಿಗೂ ಈ ವಿದ್ಯೆ ಬರುತ್ತದೆಂದು ಡೆಲ್ಫೀನಳಿಗೆ ಗೊತ್ತಿರಲಿಲ್ಲ. ಕಿಟಕಿಗಳೆಲ್ಲ ಮುಚ್ಚಿದ್ದವು.

"ಅಮ್ಮ, ನಾನು ಫೋನಲ್ಲಿ ಹೇಳಿದ್ದು…"

"ಮೂರು ವಾರ ಮೂರು ರಿಂಗ್ ಬಂತು. ಭಾನುವಾರದಿಂದ ಎರಡೇ. ನನಗೆ ಮೂರರ ತನಕ ಎಣಿಸೋಕೆ ಬರಲ್ಲ ಅಂದ್ಕೊಂಡ್ಯಾ? ಮುಂದೆ ನೋಡ್ಕೊಂಡ್ ನಡಿ. ನಂಗೂ ಹೆದ್ರಿಕೆ ಆಗ್ತಿದೆ, ಯಾವುದಕ್ಕೆ ಅಂತ ಆಮೇಲೆ ಮಾತಾಡೋಣ."

ನಾಲ್ಕನೆಯ ಬೀದಿಯ ತಿರುವಿನಲ್ಲಿ ಒಂದು ಹಳದಿ ಬಸ್ಸು ನಿಂತಿತ್ತು. ಒಳಗೆ ದೀಪಗಳೆಲ್ಲ ಉರಿಯುತ್ತಿದ್ದವು. ಕೆಂಪು ಟೊಪ್ಪಿಗೆ ಕಂಡಿತು.

ಡೆಲ್ಫೀನ್ ಓಡಿದಳು. ಬಾಗಿಲಿನ ಗಾಜು ಒಡೆಯುವಂತೆ ಬಡಿದಳು.

ಬಸ್ಸಿನಲ್ಲಿ ಇಬ್ಬರು ಪುಟ್ಟ ಹುಡುಗಿಯರಿದ್ದರು, ಅಕ್ಕತಂಗಿಯರು. ಸ್ಟಾಪಿನಲ್ಲಿ ದೊಡ್ಡವರಿಲ್ಲದಿದ್ದರೆ ಮಗುವನ್ನು ಇಳಿಸುವುದಿಲ್ಲವೆಂಬುದು ಆ ಚಳಿಗಾಲ ಕ್ಲಿಯೋತಾ ತಾನೇ ಮಾಡಿಕೊಂಡ ನಿಯಮ. ನಾಲ್ಕು ಗಂಟೆಯಿಂದ ಅಲ್ಲೇ ಇದ್ದಳು. ಬಿಟ್ಟು ಹೋಗಿ ಫೋನ್ ಮಾಡುವಂತಿರಲಿಲ್ಲ.

"ಈ ಕತ್ತಲಲ್ಲಿ ಬಂದ್ಯಾ? ಬುದ್ಧಿ ಇದ್ಯಾ ನಿನಗೆ?" ಕ್ಲಿಯೋತಾ ಕೆಳಗಿಳಿದು ಬೈಯತೊಡಗಿದಳು. ಹಿಂದೆ ಮುದುಕಿಯನ್ನು ನೋಡಿ ಮಾತು ನಿಲ್ಲಿಸಿದಳು. ಅರ್ನೆಸ್ಟೀನ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬಾಗಿಲಷ್ಟೇ ಎತ್ತರ, ನಾನು ಹೇಳಿದ್ದು ಸರಿಯಿದೆ," ಎಂದು ಬಸ್ಸು ಹತ್ತಿ ಮಕ್ಕಳ ಪಕ್ಕ ಕೂತಳು.

"ಮಕ್ಕಳ ತಾಯಿ ಎಲ್ಲಿ?" ಎಂದು ಕೇಳಿದಳು ಡೆಲ್ಫೀನ್.

ಕ್ಲಿಯೋತಾ ದನಿ ತಗ್ಗಿಸಿದಳು. "ಪೊಲೀಸ್ ಸ್ಟೇಷನ್ನಿಗೆ ಹೋಗಿದಾಳೆ ಅಂತ ಪಕ್ಕದ ಮನೆಯೋರು ಕಿಟಕಿಯಿಂದ ಕೂಗಿ ಹೇಳಿದ್ರು. ಅವಳ ತಂಗಿ ನೆನ್ನೆಯಿಂದ ಮನೆಗೆ ಬಂದಿಲ್ಲ. ಹತ್ತೊಂಬತ್ತು ವರ್ಷ."

ಡೆಲ್ಫೀನಳಿಗೆ ತನ್ನ ಹತ್ತು ಥ್ಯಾಂಕ್ಸ್ ನೆನಪಾಯಿತು. ಅವಳು ಕ್ಲಿಯೋತಾಳ ತೋಳು ಹಿಡಿದುಕೊಂಡಳು, ನಡುಬೀದಿಯಲ್ಲಿ, ದೀಪದ ಬೆಳಕಿನಲ್ಲಿ.

"ಪೊಲೀಸ್ನೋನಿಗೆ ಹೇಳ್ದೆ."

"ಏನಂತ?"

"ನಿನ್ನ ಪ್ರೀತಿಸ್ತೀನಿ ಅಂತ."

ಕ್ಲಿಯೋತಾಳಿಗೆ ನಗು ಬಂತು, ಅಳುವೂ ಬಂತು. "ಇಡೀ ಬಾಸ್ಟನ್ನಲ್ಲಿ ನಿನಗೆ ಸಿಕ್ಕಿದ್ದು ಪೊಲೀಸ್ನೋನಾ? ನನಗೆ ಹೇಳೋಕೆ ಬಾಯಿ ಬರ್ಲಿಲ್ಲ!"

"ಅಮ್ಮನ ಮುಂದೇನೇ ಹೇಳ್ದೆ."

ನಗು ನಿಂತಿತು. ಕ್ಲಿಯೋತಾ ಗ್ಲೌಸು ತೆಗೆದು ಬರಿಗೈಯನ್ನು ಡೆಲ್ಫೀನಳ ಕೆನ್ನೆಗಿಟ್ಟಳು. "ಹೆದರ್ಲಿಲ್ವಾ?"

"ಹೆದರಿದೆ. ಈಗ್ಲೂ ಹೆದ್ರಿಕೆ ಇದೆ. ಆದ್ರೆ ನೀನಿಲ್ಲ ಅನ್ನೋ ಹೆದ್ರಿಕೆ ಮೊದ್ಲೇ ಬಂದು ಕೂತಿತ್ತು. ಅದರ ಮುಂದೆ ಮಿಕ್ಕಿದ್ದೆಲ್ಲ ಚಿಕ್ಕದಾಗೋಯ್ತು. ಕ್ಷಮಿಸು ಕ್ಲಿಯೋ. ನನ್ನ ಕೈಯಾರೆ ಅಳಿಸ್ಬಾರ್ದಿತ್ತು."

ಆಗ ಬೀದಿಯ ಆ ತುದಿಯಿಂದ ಒಬ್ಬ ಹೆಂಗಸು ನಡೆದು ಬರುವುದು ಕಂಡಿತು. ಅವಳು ನಡೆಯುತ್ತಿದ್ದ ರೀತಿ ನೋಡಿಯೇ ಇಬ್ಬರಿಗೂ ತಿಳಿಯಿತು. ಕ್ಲಿಯೋತಾ ಎದುರು ಹೋಗಿ ಅವಳನ್ನು ಅಪ್ಪಿ ಹಿಡಿದಳು. ಬಸ್ಸಿನೊಳಗೆ ಅರ್ನೆಸ್ಟೀನ್ ಮಕ್ಕಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು, ಅವರು ಕಿಟಕಿಯ ಕಡೆ ತಿರುಗದಿರಲೆಂದು.

ಹಂಚದೆ ಉಳಿದ ಐನೂರು ಕರಪತ್ರ ಪಾದ್ರಿಗಳ ಕೋಣೆಯಲ್ಲಿದ್ದವು. ಶುಕ್ರವಾರ, ಶನಿವಾರ ಡೆಲ್ಫೀನ್ ಅವನ್ನು ಒಂದೊಂದಾಗಿ ಟೈಪ್‌ರೈಟರಿಗೆ ಏರಿಸಿ, ಆ ಬಿಳಿ ಜಾಗದಲ್ಲಿ ಎರಡು ಸಾಲು ಹೊಡೆದಳು. ಐನೂರು ಸಲ. ಬೆರಳ ತುದಿಗಳು ಊದಿಕೊಂಡವು. ಅಮ್ಮ ಒಂದು ಕಡೆಯಿಂದ ಹಾಳೆ ಕೊಡುತ್ತ, ಇನ್ನೊಂದು ಕಡೆ ಜೋಡಿಸುತ್ತ ಕೂತಿದ್ದಳು.

ಭಾನುವಾರ ಪಾದ್ರಿಗಳು, "ಒಳಗೆ ಕೊಡೋ ಹಾಗಿಲ್ಲ ಮಗಳೇ," ಎಂದರು. ಡೆಲ್ಫೀನ್ ಮೆಟ್ಟಿಲ ಮೇಲೆ ನಿಂತು ಕೊಟ್ಟಳು. ಕೆಲವರು ತೆಗೆದುಕೊಂಡರು. ಕೆಲವರು ಓದಿ ವಾಪಸು ಕೊಟ್ಟರು. ಇಪ್ಪತ್ತು ವರ್ಷ ಜೊತೆಗೆ ಹಾಡಿದ ಒಬ್ಬಳು ಅವಳ ಕಣ್ಣೆದುರೇ ಹರಿದು ಎಸೆದಳು. ಅರ್ನೆಸ್ಟೀನ್ ಒಂದು ತೆಗೆದುಕೊಂಡು ಬೈಬಲ್ಲಿನ ಮೇಲಿಟ್ಟುಕೊಂಡು, ಎಲ್ಲರಿಗೂ ಕಾಣುವ ಹಾಗೆ ಒಳಗೆ ನಡೆದಳು.

ಆ ಇಬ್ಬರು ಹುಡುಗಿಯರ ತಾಯಿಯೂ ಕಪ್ಪುಬಟ್ಟೆಯಲ್ಲಿ ಬಂದಿದ್ದಳು. ಊರಿನ ಪೇಪರು ಅವಳ ತಂಗಿಯನ್ನು ಬೀದಿಯವಳು ಎಂದು ಬರೆದಿತ್ತು. ಅವಳು ಕರಪತ್ರ ಓದಿದಳು, ಮೊದಲ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದಳು.

"ಇದ್ರಲ್ಲಿ ನಮ್ಮ ಹುಡುಗಿ ಇದಾಳೆ," ಎಂದು ಅಳತೊಡಗಿದಳು.

ಬಾಗಿಲಲ್ಲಿ ನಿಂತಿದ್ದ ಪಾದ್ರಿಗಳು ಅದನ್ನು ಕೇಳಿದರು. ಡೆಲ್ಫೀನಳ ಕೈಯಿಂದ ಒಂದು ಹಾಳೆ ತೆಗೆದುಕೊಂಡು ಅಂಗಿಯ ಜೇಬಿನಲ್ಲಿಟ್ಟುಕೊಂಡರು.

ಮಧ್ಯಾಹ್ನ ಅರ್ನೆಸ್ಟೀನ್ ಊಟಕ್ಕೆ ಮೂರು ತಟ್ಟೆ ಹಾಕಿದಳು. ಕೋಳಿ ಕರಿದಿದ್ದಳು, ಸೊಪ್ಪು ಬೇಯಿಸಿದ್ದಳು, ಕೊನೆಗೆ ಪೀಚ್ ಹಣ್ಣಿನ ಸಿಹಿ ತಂದು ಕ್ಲಿಯೋತಾಳ ಮುಂದಿಟ್ಟಳು.

"ಇದ್ರಲ್ಲೇ ಅಲ್ವಾ ನೀನು ಏಟು ತಿಂದಿದ್ದು? ಈಗ ಬಾಯಲ್ಲಿ ತಿನ್ನು."

"ದೊಡ್ಡಮ್ಮ, ಮೊಣಕೈ ಇನ್ನೂ ನೋಯುತ್ತೆ," ಎಂದಳು ಕ್ಲಿಯೋತಾ. ಮೇಜಿನ ಕೆಳಗೆ ಡೆಲ್ಫೀನಳ ಪಾದ ಅವಳ ಪಾದವನ್ನು ಒತ್ತಿತು.

ಮಾತಾಡುತ್ತ ಕೂತವರಿಗೆ ಹೊತ್ತು ಹೋದದ್ದು ತಿಳಿಯಲಿಲ್ಲ. ಕಿಟಕಿಯಾಚೆ ಬೆಳಕು ಕುಂದಿತು. ಕ್ಲಿಯೋತಾ ಟೊಪ್ಪಿಗೆಗೆ ಕೈ ಹಾಕಿದಳು, ಡೆಲ್ಫೀನಳ ಮುಖ ಪೆಚ್ಚಾಯಿತು. ಆರು ಹೆಂಗಸರನ್ನು ಕೊಂದವರು ಇನ್ನೂ ಹೊರಗೇ ಇದ್ದರು.

ಅರ್ನೆಸ್ಟೀನ್ ಎದ್ದು ಹೋಗಿ ಬಾಗಿಲಿನ ಮೂರೂ ಚಿಲಕ ಹಾಕಿದಳು.

"ನಿನ್ನ ರೂಮು ಇಲ್ಲಿಂದ ಹತ್ತು ಬೀದಿ," ಎಂದಳು, ಯಾರ ಮುಖವನ್ನೂ ನೋಡದೆ. "ಈ ಕಾಲದಲ್ಲಿ ಒಬ್ಬಳೇ ಹೋಗೋ ಹಾಗಿಲ್ಲ. ಇಲ್ಲೇ ಇರು."

"ನಾಳೆ ಹೋಗ್ತೀನಿ ದೊಡ್ಡಮ್ಮ."

"ನಾಳೇನೂ ಕತ್ತಲಾಗುತ್ತೆ," ಎಂದಳು ಮುದುಕಿ, ಹೆಣಿಗೆ ಕೈಗೆತ್ತಿಕೊಂಡು ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತಳು.

ಐದೂವರೆಯಾಯಿತು. ಫೋನು ಬಡಿಯಲಿಲ್ಲ. ಅದು ಬಡಿಯಲೆಂದು ಆ ಮನೆಯಲ್ಲಿ ಯಾರೂ ಕಾಯುತ್ತಿರಲಿಲ್ಲ.